ಊರ ಹೋರಿಯನ್ನೂ ಪರೀಕ್ಷೆ ಮಾಡಿ: ಪಶುಪಾಲನಾ ಇಲಾಖೆಯ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಪಶುಪಾಲನೆ ಮತ್ತು ಪಶುವೈದ್ಯ ಸೇವಾ ಇಲಾಖೆಯ ಮಾನ್ಯ ಆಯುಕ್ತರಿಗೆ,

ನಮಸ್ಕಾರ.

ಹಸು ಎರಡು ಸಲ ಗಬ್ಬ ನಿಲ್ಲದಿದ್ದರೆ ರೈತ ಅದನ್ನು ಪಶು ಆಸ್ಪತ್ರೆಗೆ ಹೊಡೆದುಕೊಂಡು ಬರುತ್ತಾನೆ. ವೈದ್ಯರು ಕೈಗವಸು ಹಾಕಿ ಗರ್ಭಕೋಶ ನೋಡುತ್ತಾರೆ. ಖನಿಜ ಮಿಶ್ರಣ ಬರೆದುಕೊಡುತ್ತಾರೆ, ಬೇಕಾದರೆ ಇಂಜೆಕ್ಷನ್ ಕೊಡುತ್ತಾರೆ. ಹಸುಗಳಿಗೆ ಅಂತಲೇ ಬಂಜೆತನ ನಿವಾರಣಾ ಶಿಬಿರಗಳು ನಡೆಯುತ್ತವೆ. ಇದೆಲ್ಲ ಒಳ್ಳೆಯದೇ. ಆದರೆ ಆ ಹಸುವಿನ ಮೇಲೆ ಹಾರಿದ ಹೋರಿ ಹೇಗಿದೆ, ಅದಕ್ಕೆ ಪೆಟ್ಟಾಗಿದೆಯಾ, ಅದರ ಬೀಜ ಸರಿಯಾಗಿದೆಯಾ ಎಂದು ಕೇಳುವವರು ಬಹಳ ಕಡಿಮೆ. ಒಂದು ಹಸು ಬರಡಾದರೆ ಒಂದು ಮನೆಗೆ ನಷ್ಟ. ಒಂದು ಹೋರಿ ಕೆಟ್ಟರೆ ಅದರ ಹತ್ತಿರ ಹಸು ಹೊಡೆದುಕೊಂಡು ಬರುವ ಎಲ್ಲ ಮನೆಗಳಿಗೂ ನಷ್ಟ.

ನಾನು ನಿವೃತ್ತ ಪಶುವೈದ್ಯ. ಕೆಲಸ ಮಾಡಿದ್ದು ಹೆಚ್ಚಾಗಿ ಹಳ್ಳಿಕಾರ್ ತಳಿಯ ದನ ಸಾಕುವ ತಾಲ್ಲೂಕುಗಳಲ್ಲಿ. ಈ ಪತ್ರದಲ್ಲಿ ನಾನು ಕೇಳುವುದು ಇಷ್ಟೇ: ಊರುಗಳಲ್ಲಿರುವ ಬೀಜದ ಹೋರಿಗಳನ್ನು ವರ್ಷಕ್ಕೊಮ್ಮೆಯಾದರೂ ಇಲಾಖೆ ಪರೀಕ್ಷೆ ಮಾಡಬೇಕು. ಪೆಟ್ಟಾದ ಹೋರಿ ಮೊದಲ ವಾರದಲ್ಲೇ ಸರಿಯಾದ ಕೈಗೆ ಸಿಗುವಂತೆ ಮಾಡಬೇಕು.

ಎಲ್ಲ ಕಡೆ ಈಗ ಕೃತಕ ಗರ್ಭಧಾರಣೆಯೇ ಅಲ್ವಾ, ಊರ ಹೋರಿ ಎಲ್ಲಿ ಉಳಿದಿವೆ ಎಂದು ನಿಮ್ಮ ಕಚೇರಿಯಲ್ಲಿ ಯಾರಾದರೂ ಕೇಳಬಹುದು. ಉಳಿದಿವೆ. ರಾಮನಗರ, ಮಂಡ್ಯ, ತುಮಕೂರು ಕಡೆ ಹಳ್ಳಿಕಾರ್ ತಳಿಯ ಮೇಲೆ ಪ್ರಾಣ ಇಟ್ಟುಕೊಂಡವರು ಸ್ವಂತ ಖರ್ಚಿನಲ್ಲಿ ಬೀಜದ ಹೋರಿ ಸಾಕುತ್ತಾರೆ. ಸುತ್ತಲ ಊರುಗಳಿಂದ ಬೆದೆಗೆ ಬಂದ ಹಸುಗಳು ಅವರ ಮನೆ ಮುಂದೆ ಬಂದು ನಿಲ್ಲುತ್ತವೆ. ಅಜ್ಜಂಪುರದ ಕಡೆಯ ಅಮೃತಮಹಲ್ ಕಾವಲುಗಳಿವೆ. ಘಟ್ಟದ ಊರುಗಳಲ್ಲಿ ಮಲೆನಾಡು ಗಿಡ್ಡ ಹೋರಿ ಹಿಂಡಿನ ಜೊತೆಯಲ್ಲೇ ಮೇಯಲು ಹೋಗುತ್ತದೆ. ವಿಜಯಪುರ, ಬೆಳಗಾವಿ ಕಡೆ ಖಿಲಾರಿ, ಬೀದರ್ ಕಡೆ ದೇವಣಿ. ಇವುಗಳ ಜೊತೆಗೆ ದೇವರ ಹೆಸರಲ್ಲಿ ಬಿಟ್ಟ ಬಸವಗಳು. ಆ ಬಸವನಿಗೆ ಮಾಲೀಕ ಅಂತ ಒಬ್ಬನಿಲ್ಲ, ಹಾಗಾಗಿ ಕಾಯಿಲೆ ಬಿದ್ದರೆ ಹೊಣೆ ಹೊರುವವನೂ ಒಬ್ಬನಿಲ್ಲ.

ಹೆಸರಘಟ್ಟದ ವೀರ್ಯ ಉತ್ಪಾದನಾ ಕೇಂದ್ರಗಳಲ್ಲಿ ಹೋರಿಗಳನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕ್ಷಯ, ಜೋನ್ಸ್, ಬ್ರುಸೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್, ಟ್ರೈಕೊಮೊನಾಸ್ ಈ ಸೋಂಕುಗಳ ಪರೀಕ್ಷೆ ಆಗದ ಹೋರಿಗೆ ಅಂಥ ಕಡೆ ಜಾಗವಿಲ್ಲ. ಪ್ರತಿ ಸಲ ತೆಗೆದ ವೀರ್ಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ವೀರ್ಯ ತುಂಬಿದ ಕಾಲು ಮಿಲಿಲೀಟರಿನ ಒಂದು ಕಡ್ಡಿಯಲ್ಲಿ 2 ಕೋಟಿ ವೀರ್ಯಾಣು ಇರಬೇಕು ಎನ್ನುವ ಲೆಕ್ಕ ಇದೆ. ಊರ ಹೋರಿಗೆ ಇದರಲ್ಲಿ ಒಂದೂ ಇಲ್ಲ. ಅದರ ಕಿವಿಗೆ 12 ಅಂಕಿಯ ಓಲೆ ಹಾಕುತ್ತೇವೆ, ಕಾಲುಬಾಯಿ ಜ್ವರದ ಲಸಿಕೆ ಹಾಕುತ್ತೇವೆ. ಹೊಟ್ಟೆಯ ಕೆಳಗೆ ಬಗ್ಗಿ ನೋಡುವುದಿಲ್ಲ.

ಬಗ್ಗಿ ನೋಡಿದರೆ ಏನು ಕಾಣುತ್ತದೆ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಿಮಗೆ ತಿಳಿದದ್ದೇ ಇರಬಹುದು. ಆದರೆ ಇದು ಬಹಿರಂಗ ಪತ್ರ, ಹೋರಿ ಕಟ್ಟಿದವರೂ ಓದಲಿ ಎನ್ನುವುದು ನನ್ನ ಆಸೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಶಿಶ್ನ ಒಳಗೇ ಹರಿದು ರಕ್ತ ಗಡ್ಡೆ ಕಟ್ಟುವುದು. ಹೋರಿಯ ಶಿಶ್ನದ ಒಳಗೆ ಮೂಳೆ ಇಲ್ಲ, ನಾರಿನಂಥ ಗಟ್ಟಿ ಅಂಗಾಂಶ ಇದೆ. ಸುಮ್ಮನಿರುವಾಗ ಅದು ಬೀಜದ ಚೀಲದ (ವೃಷಣ ಚೀಲದ) ಹತ್ತಿರ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಮಡಿಚಿಕೊಂಡಿರುತ್ತದೆ. ಹಾರುವಾಗ ಮಡಿಕೆ ಬಿಚ್ಚಿಕೊಂಡು ನೆಟ್ಟಗಾಗಿ ಹೊರಗೆ ಬರುತ್ತದೆ. ಆ ಕೆಲವು ಸೆಕೆಂಡು ಒಳಗಿನ ರಕ್ತದ ಒತ್ತಡ ಮಾಮೂಲಿಗಿಂತ ಹತ್ತಾರು ಪಟ್ಟು ಏರಿರುತ್ತದೆ. ಅದೇ ಹೊತ್ತಿಗೆ ಹಸು ಪಕ್ಕಕ್ಕೆ ಸರಿದರೆ, ಕುಸಿದರೆ, ಅಥವಾ ಹೋರಿಯ ಹಿಂಗಾಲು ಜಾರಿದರೆ ಶಿಶ್ನ ಹಸುವಿನ ತೊಡೆಗೋ ಹಿಂಭಾಗಕ್ಕೋ ಬಡಿದು ಬಾಗುತ್ತದೆ. ಜೋರಾಗಿ ನೀರು ಬರುತ್ತಿರುವ ಪೈಪನ್ನು ಥಟ್ಟನೆ ಮಡಿಚಿದರೆ ಮಡಿಕೆಯ ಜಾಗದಲ್ಲೇ ಒಡೆಯುತ್ತದಲ್ಲ, ಹಾಗೆ ಸುತ್ತಲಿನ ಬಿಳಿ ಪೊರೆ ಹರಿದು ರಕ್ತ ಹೊರಗೆ ನುಗ್ಗುತ್ತದೆ. ಚರ್ಮದ ಮೇಲೆ ಗಾಯ ಇರುವುದಿಲ್ಲ. ಹಾಗಾಗಿಯೇ ಯಾರಿಗೂ ಅನುಮಾನ ಬರುವುದಿಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. ಬೀಜದ ಚೀಲದ ಸ್ವಲ್ಪ ಮುಂದೆ, ಎರಡೂ ಕಡೆ ಸಮನಾಗಿ ಬಾವು ಬರುತ್ತದೆ. ಮುಂದೊಗಲು, ಅಂದರೆ ಶಿಶ್ನವನ್ನು ಮುಚ್ಚುವ ಚರ್ಮ, ಹೊರಗೆ ಇಳಿಬಿದ್ದು ನೀಲಿಯಾಗಿ ಕಾಣಬಹುದು. ಹೋರಿ ಬೆನ್ನು ಬಾಗಿಸಿ ಚಿಕ್ಕ ಹೆಜ್ಜೆ ಇಡುತ್ತದೆ. ಹಸು ಕಂಡರೆ ಹಾರಲು ಹೋಗುತ್ತದೆ, ಆದರೆ ಶಿಶ್ನ ಹೊರಗೆ ಬರುವುದಿಲ್ಲ. ಹೋರಿ ಸೋಮಾರಿಯಾಗಿದೆ, ದೃಷ್ಟಿ ಆಗಿದೆ ಎಂದು ಮಾಲೀಕರು ಹೇಳುವುದು ಹೆಚ್ಚಾಗಿ ಈ ಹಂತದಲ್ಲೇ. ಮತ್ತೆ ಮತ್ತೆ ಹಸು ತಂದು ನಿಲ್ಲಿಸುತ್ತಾರೆ. ಹೋರಿ ಉದ್ರೇಕವಾದಾಗಲೆಲ್ಲ ಹರಿದ ಜಾಗದಿಂದ ಇನ್ನಷ್ಟು ರಕ್ತ ಹೊರಗೆ ಬಂದು ಬಾವು ಬೆಳೆಯುತ್ತದೆ.

ಕುಣಿಗಲ್ ಕಡೆಯ ಒಂದು ಊರಿನಲ್ಲಿ ನೋಡಿದ ಹೋರಿಯೊಂದು ನನಗೆ ಇವತ್ತಿಗೂ ಮರೆತಿಲ್ಲ. ನಾಲ್ಕು ಹಲ್ಲಿನ ಹಳ್ಳಿಕಾರ್, ಕೊಂಬು ತಿದ್ದಿ ಬರೆದ ಹಾಗಿತ್ತು. ಜಾತ್ರೆಯಲ್ಲಿ ಬಹುಮಾನ ಬಂದಿತ್ತು. ಬಾವು ಬಂದ ಮೂರನೇ ದಿನ ಊರಿನವರೊಬ್ಬರು ಕೀವು ತುಂಬಿದೆ ಎಂದು ಬ್ಲೇಡಿನಲ್ಲಿ ಕೊಯ್ದರು. ಬಂದದ್ದು ಕೀವಲ್ಲ, ಹೆಪ್ಪುಗಟ್ಟಿದ ರಕ್ತ. ಕೊಯ್ದ ದಾರಿಯಲ್ಲಿ ಕೊಳೆ ಒಳಗೆ ಹೋಯಿತು. ಆಮೇಲೆ ನಿಜವಾಗಿಯೂ ಕೀವಾಯಿತು. ನಮ್ಮ ಹತ್ತಿರ ಬರುವ ಹೊತ್ತಿಗೆ ಒಳಗೆಲ್ಲ ಅಂಟಿಕೊಂಡು ಶಿಶ್ನ ಅಲುಗಾಡದ ಸ್ಥಿತಿ. ಜೀವ ಉಳಿಯಿತು. ಬೀಜದ ಹೋರಿಯಾಗಿ ಅದರ ಕೆಲಸ ಮುಗಿಯಿತು. ಆ ಮನೆಯ ಯಜಮಾನರು, "ಅವತ್ತೇ ಯಾರಾದರೂ ಮುಟ್ಟಬೇಡ ಅಂದಿದ್ದರೆ ಸಾಕಿತ್ತು ಸಾರ್" ಅಂದರು.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಇಂಥ ಬಾವಿಗೆ ಸೂಜಿ ಚುಚ್ಚಬಾರದು, ಕೊಯ್ಯಬಾರದು, ಬಿಸಿ ಕಬ್ಬಿಣದಲ್ಲಿ ಬರೆ ಹಾಕಬಾರದು. ಮೊದಲ ಎರಡು ಮೂರು ದಿನ ದಿನಕ್ಕೆ ಎರಡು ಸಲ ಹದಿನೈದಿಪ್ಪತ್ತು ನಿಮಿಷ ಪೈಪಿನಿಂದ ತಣ್ಣೀರು ಬಿಡಬೇಕು. ಆಮೇಲೆ ಉಗುರುಬೆಚ್ಚಗಿನ ನೀರು. ಕೀವಾಗದಂತೆ ವೈದ್ಯರು ಆ್ಯಂಟಿಬಯೋಟಿಕ್ ಕೊಡುತ್ತಾರೆ, ಅದನ್ನು ಅರ್ಧಕ್ಕೆ ನಿಲ್ಲಿಸಬಾರದು. ಹಸುವಿನ ವಾಸನೆಯೂ ಬಾರದ ಕಡೆ ಕಟ್ಟಬೇಕು. ಎರಡರಿಂದ ಮೂರು ತಿಂಗಳು ಹಾರಿಸಲೇಬಾರದು. ಬಾವು ಚಿಕ್ಕದಿದ್ದರೆ ಇಷ್ಟರಲ್ಲೇ ಗುಣವಾಗುವ ಹೋರಿಗಳು ಕಡಿಮೆಯೇನಲ್ಲ. ದೊಡ್ಡದಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ಹೆಪ್ಪು ತೆಗೆದು ಹರಿದ ಪೊರೆಗೆ ಹೊಲಿಗೆ ಹಾಕಬೇಕು. ಅದಕ್ಕೆ ಸರಿಯಾದ ಸಮಯ ಮೊದಲ ಏಳರಿಂದ ಹತ್ತು ದಿನ. ಆಮೇಲೆ ನಾರು ಕಟ್ಟಿಕೊಂಡು ಕೆಲಸ ಕಷ್ಟವಾಗುತ್ತದೆ. ಮೊದಲ ವಾರ, ಮೊದಲ ವಾರ ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ. ವಿಶ್ರಾಂತಿ ಮುಗಿದ ಮೇಲೆ ಸೀದಾ ಹಸು ಬಿಡದೆ, ಶಿಶ್ನ ಪೂರ್ತಿ ಹೊರಗೆ ಬರುತ್ತದೆಯಾ, ತುದಿಯಲ್ಲಿ ಸ್ಪರ್ಶ ಗೊತ್ತಾಗುತ್ತದೆಯಾ ಎಂದು ವೈದ್ಯರು ನೋಡಬೇಕು. ನರಕ್ಕೆ ಪೆಟ್ಟಾಗಿದ್ದರೆ ಹೋರಿ ಹಾರುತ್ತದೆ, ದಾರಿ ಸಿಗದೆ ಇಳಿಯುತ್ತದೆ.

ಇದೇ ಜಾಗದ ಹತ್ತಿರ ಬರುವ ಇನ್ನೊಂದು ಬಾವು ಇದೆ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡು ನಾಳ ಒಡೆದರೆ ಮೂತ್ರ ಚರ್ಮದ ಕೆಳಗೆ ಹರಡುತ್ತದೆ. ಆಗ ಬಾವು ಹೊಟ್ಟೆಯ ಉದ್ದಕ್ಕೂ ಮುಂದಕ್ಕೆ ಹಬ್ಬುತ್ತದೆ, ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆ. ಹೋರಿ ಬಾಲ ಎತ್ತಿ ತಿಣುಕುತ್ತದೆ, ಮೂತ್ರ ಹನಿ ಹನಿ ಬರುತ್ತದೆ ಅಥವಾ ಬರುವುದೇ ಇಲ್ಲ. ಇದು ಗಂಟೆಗಳ ಲೆಕ್ಕದ ತುರ್ತು. ನಾಳೆ ನೋಡೋಣ ಅನ್ನುವ ಹಾಗಿಲ್ಲ. ಜಾತ್ರೆಗೆ ತಯಾರು ಮಾಡುವಾಗ ಬೂಸಾ, ಧಾನ್ಯ ಜಾಸ್ತಿ ತಿನ್ನಿಸಿ ನೀರು ಕಡಿಮೆ ಕೊಟ್ಟರೆ ಕಲ್ಲು ಕಟ್ಟುವ ಅಪಾಯ ಹೆಚ್ಚುತ್ತದೆ. ಬೂಸಾದಲ್ಲಿ ರಂಜಕ ಜಾಸ್ತಿ, ಸುಣ್ಣದ ಅಂಶ ಕಡಿಮೆ. ಖನಿಜ ಮಿಶ್ರಣ, ಒಂದಿಷ್ಟು ಉಪ್ಪು, ಬೇಕಾದಷ್ಟು ನೀರು ಕೊಟ್ಟರೆ ಈ ಅಪಾಯ ಎಷ್ಟೋ ಇಳಿಯುತ್ತದೆ. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೋರಿ ಮೈತುಂಬಿ ಮಿರಮಿರ ಮಿಂಚಬೇಕು ಎಂದು ಅತಿಯಾಗಿ ತಿನ್ನಿಸಿದರೆ ಬೀಜದ ಚೀಲದಲ್ಲೂ ಕೊಬ್ಬು ಕೂಡುತ್ತದೆ. ಬಹುಮಾನ ಬರುತ್ತದೆ, ಹಸು ಗಬ್ಬ ನಿಲ್ಲುವುದಿಲ್ಲ.

ಇನ್ನು ಮುಂದೊಗಲಿನ ಗಾಯ. ಹಳ್ಳಿಕಾರ್, ಅಮೃತಮಹಲ್ ಹೋರಿಗಳ ಮುಂದೊಗಲಿನ ಚೀಲ ಹೊಟ್ಟೆಗೆ ಅಂಟಿಕೊಂಡಂತೆ ಚಿಕ್ಕದಾಗಿರುತ್ತದೆ. ಇದು ಈ ತಳಿಗಳ ಒಂದು ಭಾಗ್ಯ. ಗಿರ್, ಸಾಹಿವಾಲ್ ಹೋರಿಗಳಲ್ಲಿ ಅದು ಇಳಿಬಿದ್ದಿರುತ್ತದೆ. ಈಗ ನಮ್ಮ ರಾಜ್ಯದಲ್ಲೂ ಗಿರ್ ಸಾಕುವವರು ಹೆಚ್ಚಾಗಿದ್ದಾರೆ. ಇಳಿಬಿದ್ದ ಚೀಲ ಲಂಟಾನದ ಮುಳ್ಳಿಗೆ, ತಂತಿ ಬೇಲಿಗೆ ಸಿಕ್ಕುತ್ತದೆ. ಏಳುವಾಗ ಹೋರಿ ತಾನೇ ತುಳಿದುಕೊಳ್ಳುವುದೂ ಉಂಟು. ಒಳಗಿನ ಕೆಂಪು ಚರ್ಮ ಹೊರಗೆ ಬಂದು ಒಣಗಿ, ಬಿರಿದು, ಊದಿಕೊಂಡು ಹಿಂದಕ್ಕೆ ಹೋಗದಂತಾಗುತ್ತದೆ. ನೊಣ ಕೂತರೆ ಹುಳ ಬೀಳುತ್ತದೆ.

ಇಲ್ಲಿ ಊರುಗಳಲ್ಲಿ ಬಳಸುವ ಔಷಧ ನೋಡಿದರೆ ಕರುಳು ಚುರ್ ಅನ್ನುತ್ತದೆ. ಸೀಮೆಎಣ್ಣೆ, ಫಿನೈಲ್, ಸುಣ್ಣ. ಅಷ್ಟು ಮೆತ್ತನೆಯ ಚರ್ಮಕ್ಕೆ ಇವು ಬೆಂಕಿ. ಮಾಡಬೇಕಾದ್ದು ಬಹಳ ಸರಳ. ಉಗುರುಬೆಚ್ಚಗಿನ ನೀರಲ್ಲಿ ಮೆಲ್ಲಗೆ ತೊಳೆಯಬೇಕು. ತುಂಬಾ ತೆಳುವಾಗಿಸಿದ ಪೊವಿಡೋನ್ ಅಯೋಡಿನ್ ಬಳಸಬಹುದು. ಊತ ಇಳಿಸಲು ಎಪ್ಸಮ್ ಉಪ್ಪಿನ ನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಬಹುದು. ಚರ್ಮಕ್ಕೆ ಉರಿಯಾಗದ ಮುಲಾಮು ಹಚ್ಚಿ, ಸಾಧ್ಯವಾದರೆ ಒಳಕ್ಕೆ ಸೇರಿಸಿ, ಮೂತ್ರ ಹೋಗಲು ಮೆತ್ತನೆಯ ರಬ್ಬರ್ ಕೊಳವೆ ಇಟ್ಟು ಬ್ಯಾಂಡೇಜ್ ಸುತ್ತುತ್ತಾರೆ. ಇದು ವೈದ್ಯರ ಕೆಲಸ. ಜೋತುಬಿದ್ದ ಭಾಗವನ್ನು ಹಳೆಯ ಪಂಚೆಯಲ್ಲಿ ಎತ್ತಿ ಬೆನ್ನಿಗೆ ಕಟ್ಟಿ ಅವರು ಬರುವ ತನಕ ಕಾಪಾಡುವುದು ಮನೆಯವರ ಕೈಯಲ್ಲಿದೆ. ಗಾಯ ಹಳೆಯದಾಗಿ ಗಂಟು ಕಟ್ಟಿದ್ದರೆ ಕೆಟ್ಟ ಭಾಗ ಕತ್ತರಿಸಿ ಹೊಲಿಯುವ ಶಸ್ತ್ರಚಿಕಿತ್ಸೆಯೇ ದಾರಿ.

ಎಳೆಯ ಹೋರಿಗಳ ವಿಷಯ ಬೇರೆ. ಒಂದೇ ಕೊಟ್ಟಿಗೆಯಲ್ಲಿ ಬಿಟ್ಟ ಎಳೆ ಹೋರಿಗಳು ಒಂದರ ಮೇಲೊಂದು ಹಾರುತ್ತಿರುತ್ತವೆ. ಆಗ ಉದುರಿದ ಕೂದಲು ಶಿಶ್ನದ ತುದಿಗೆ ಉಂಗುರದ ಹಾಗೆ ಸುತ್ತಿಕೊಂಡು ಬಿಗಿಯುತ್ತದೆ. ಹೊರಗಿಂದ ಏನೂ ಕಾಣುವುದಿಲ್ಲ. ಬೇಗ ನೋಡಿ ಕತ್ತರಿಸಿ ತೆಗೆದರೆ ಅಲ್ಲಿಗೆ ಮುಗಿಯಿತು. ಬಿಟ್ಟರೆ ಮೂತ್ರನಾಳವನ್ನೇ ಕೊಯ್ದುಬಿಡುತ್ತದೆ. ಒಂದರಿಂದ ಮೂರು ವರ್ಷದ ಹೋರಿಗಳಲ್ಲಿ ವೈರಸ್ಸಿನಿಂದ ನರುಳ್ಳೆಯಂಥ ಗಂಟುಗಳೂ ಬರುತ್ತವೆ. ಹಾರಿದ ಮೇಲೆ ರಕ್ತ ಹನಿಯುವುದು ಅದರ ಗುರುತು. ಹುಟ್ಟಿನಿಂದಲೇ ಶಿಶ್ನದ ಕೆಳಗೆ ಪಟ್ಟಿಯೊಂದು ಅಂಟಿಕೊಂಡು ಬಾಗಿರುವ ಹೋರಿಗಳೂ ಇವೆ. ಆ ಪಟ್ಟಿ ಕತ್ತರಿಸಿದರೆ ಹೋರಿ ಹಾರುತ್ತದೆ ನಿಜ. ಆದರೆ ದೋಷ ಕರುಗಳಿಗೂ ಹೋಗಬಹುದು. ಅಂಥದ್ದನ್ನು ಬೀಜಕ್ಕೆ ಇಟ್ಟುಕೊಳ್ಳಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೀಜದ ಚೀಲದ ಬಗ್ಗೆ ಮಾಲೀಕರಿಗೆ ಗೊತ್ತಿರಬೇಕಾದ ಮುಖ್ಯ ಸಂಗತಿ ಒಂದಿದೆ. ವೀರ್ಯಾಣು ಹುಟ್ಟಲು ದೇಹದ ಶಾಖಕ್ಕಿಂತ ನಾಲ್ಕೈದು ಡಿಗ್ರಿ ಕಡಿಮೆ ಬೇಕು. ಬೀಜ ಹೊರಗೆ ಜೋತಾಡುವುದು ಅದಕ್ಕಾಗಿಯೇ. ಗುದ್ದು ಬಿದ್ದು ಊದಿದರೂ, ಕಾಲುಬಾಯಿ ಜ್ವರ ಬಂದು ಮೈ ಕಾದರೂ ಒಳಗಿನ ವೀರ್ಯಾಣು ಹಾಳಾಗುತ್ತದೆ. ಹೊಸದು ಪೂರ್ತಿ ತಯಾರಾಗಲು ಸುಮಾರು 61 ದಿನ, ಹೊರಗೆ ಬರಲು ಇನ್ನೂ ಒಂದು ವಾರದ ಮೇಲೆ. ಅಂದರೆ ಜ್ವರ ಬಿಟ್ಟು ಹೋರಿ ಮೇವು ಮುಟ್ಟಿದ ಮಾತ್ರಕ್ಕೆ ಅದು ಹಸುವಿಗೆ ತಯಾರು ಅಂತ ಅಲ್ಲ. 2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದಲ್ಲಿ ಹರಡಿದಾಗ ಎಷ್ಟೋ ಹೋರಿಗಳ ಬೀಜದ ಚೀಲದ ಮೇಲೂ ಗಂಟು ಎದ್ದಿತ್ತು. ಆ ವೈರಸ್ ವೀರ್ಯದಲ್ಲೂ ಇರುತ್ತದೆ. ಮೈಮೇಲಿನ ಗಂಟು ಒಣಗಿದ ಕೂಡಲೇ ಹೋರಿಗಳನ್ನು ಮತ್ತೆ ಹಾರಿಸಲು ಬಿಟ್ಟರು. ಹಸು ನಿಲ್ಲುತ್ತಿಲ್ಲ ಎಂದು ಬೈಸಿಕೊಂಡದ್ದು ಹಸುಗಳೇ.

ಒಂದು ಬದಿಯ ಬೀಜ ಥಟ್ಟನೆ ಊದಿ, ಬಿಸಿಯಾಗಿ, ಮುಟ್ಟಿದರೆ ಒದೆಯುವಂತಾದರೆ ಬ್ರುಸೆಲ್ಲಾ ಇರಬಹುದೆಂದು ಅನುಮಾನಿಸಲೇಬೇಕು. ಇದು ಪೆಟ್ಟಲ್ಲ, ಸೋಂಕು. ಆದರೆ ನೋಡುವವರಿಗೆ ಗುದ್ದಿದ ಗಾಯದ ಹಾಗೆಯೇ ಕಾಣುತ್ತದೆ. ಈ ಸೋಂಕು ಮನುಷ್ಯರಿಗೂ ಬರುತ್ತದೆ. ವಾರಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಬ್ರುಸೆಲ್ಲಾ ಲಸಿಕೆ ಹಾಕುತ್ತಿದ್ದೇವೆ. ಗಂಡಿಗೆ ಆ ಲಸಿಕೆ ಹಾಕುವಂತಿಲ್ಲ, ಅದೇ ಬೀಜಕ್ಕೆ ಹೋಗಿ ಕೂರಬಹುದು. ಹಾಗಾದರೆ ಗಂಡಿಗೆ ಉಳಿದ ದಾರಿ ರಕ್ತ ಪರೀಕ್ಷೆ ಒಂದೇ. ಅದನ್ನು ನಾವು ಊರ ಹೋರಿಗೆ ಮಾಡುತ್ತಿಲ್ಲ. ಹೆಣ್ಣಿಗೆ ಲಸಿಕೆ ಹಾಕಿ, ಗಂಡನ್ನು ನೋಡದೆ ಬಿಟ್ಟರೆ ಅರ್ಧ ಬೇಲಿ ಹಾಕಿದಂತಾಯಿತು.

ನೋವಿನ ಇಂಜೆಕ್ಷನ್ ಬಗ್ಗೆಯೂ ಒಂದು ಮಾತು. ಪೆಟ್ಟಾದ ಹೋರಿಗೆ ಮನುಷ್ಯರ ಔಷಧದ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ಚುಚ್ಚುವುದು ಇನ್ನೂ ಪೂರ್ತಿ ನಿಂತಿಲ್ಲ. ಜಾನುವಾರಿಗೆ ಅದನ್ನು 2006ರಲ್ಲೇ ನಿಷೇಧಿಸಲಾಗಿದೆ. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ಆ ಪಟ್ಟಿಗೆ ಸೇರಿದವು. ಸತ್ತ ದನದ ಮಾಂಸದಲ್ಲಿ ಈ ಔಷಧ ಉಳಿದಿದ್ದರೆ ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಅದು ಸಾಯುತ್ತದೆ. ರಾಮದೇವರ ಬೆಟ್ಟದ ರಣಹದ್ದು ಧಾಮ ಇರುವುದು ಹಳ್ಳಿಕಾರ್ ಸೀಮೆಯ ನಡುವೆಯೇ. ಮೆಲಾಕ್ಸಿಕಾಮ್ ಇದೆ, ಕೆಲಸ ಮಾಡುತ್ತದೆ, ಹದ್ದಿಗೆ ತೊಂದರೆ ಇಲ್ಲ. ಅದು ಪ್ರತಿ ಪಶು ಆಸ್ಪತ್ರೆಯಲ್ಲೂ ವರ್ಷವಿಡೀ ಸಿಗುವಂತೆ ನೋಡಿಕೊಳ್ಳಿ.

ಇಷ್ಟೆಲ್ಲ ಪೆಟ್ಟುಗಳಲ್ಲಿ ಹೆಚ್ಚಿನವು ತಪ್ಪಿಸಬಹುದಾದವು. ಹಸು ಹಾರಿಸುವ ಜಾಗವನ್ನೇ ನೋಡಿ. ಮನೆ ಮುಂದಿನ ಸಿಮೆಂಟು ರಸ್ತೆ, ಗ್ರಾನೈಟ್ ಚಪ್ಪಡಿ ಹಾಸಿದ ಅಂಗಳ, ಮಳೆ ಬಂದು ಪಾಚಿ ಕಟ್ಟಿದ ಕಲ್ಲು. ಅಷ್ಟು ಭಾರದ ಹೋರಿ ಎರಡೇ ಕಾಲ ಮೇಲೆ ನಿಲ್ಲುವ ಆ ಗಳಿಗೆಯಲ್ಲಿ ಗೊರಸು ಜಾರಿದರೆ ಏನಾಗುತ್ತದೆ ಎಂದು ಮೇಲೆ ಬರೆದಿದ್ದೇನೆ. ಮಣ್ಣು ನೆಲ ಬೇಕು, ಮರಳು ಹಾಕಿದ್ದರೆ ಇನ್ನೂ ಒಳ್ಳೆಯದು. ಹಸು ಸರಿಯಾಗಿ ಬೆದೆಗೆ ಬಂದಿರಬೇಕು. ಬೆದೆ ಪೂರ್ತಿ ಬರದ ಹಸುವನ್ನು ಬಾಲ ತಿರುಚಿ ನಿಲ್ಲಿಸಿದರೆ ಅದು ಹೋರಿ ಹಾರಿದ ಕೂಡಲೇ ಮುಂದಕ್ಕೆ ನುಗ್ಗುತ್ತದೆ. ಹೋರಿ ಮೇಲೆ ಇರುವಾಗ ಮೂಗುದಾರ ಜಗ್ಗುವ ಅಭ್ಯಾಸ ಇದೆ, ಇದು ಬಹಳ ಕೆಟ್ಟದ್ದು. ಹೋರಿಗೂ ಹಸುವಿಗೂ ಎತ್ತರ ಹೊಂದಬೇಕು. ಎತ್ತರದ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುವಿಗೆ ಎಳೆಯ ಹಳ್ಳಿಕಾರ್ ಹೋರಿ ಬಿಡುವುದು, ಎಳೆ ಕಡಸಿಗೆ ಭಾರಿ ಹೋರಿ ಬಿಡುವುದು ಎರಡೂ ಬೇಡ. ಬೆಳೆದ ಹೋರಿಗೆ ವಾರಕ್ಕೆ ಮೂರು ನಾಲ್ಕು ಸಲ ಸಾಕು, ಎಳೆಯದಕ್ಕೆ ಅಷ್ಟೂ ಬೇಡ. ದೂರದಿಂದ ಬಂದಿದ್ದಾರೆ, ಇಲ್ಲ ಅನ್ನಲಾಗದು ಎಂದು ದಾಕ್ಷಿಣ್ಯಕ್ಕೆ ಒಂದೇ ದಿನ ಮತ್ತೆ ಮತ್ತೆ ಹಾರಿಸುತ್ತಾರೆ. ದಣಿದ ಹೋರಿಯೇ ಜಾರುವುದು.

ಹಾವೇರಿ, ಶಿಕಾರಿಪುರ ಕಡೆ ಹೋರಿ ಬೆದರಿಸುವ ಹಬ್ಬಕ್ಕೆ ಓಡುವ ಹೋರಿಗಳೂ ನನ್ನ ಮನಸ್ಸಿನಲ್ಲಿವೆ. ಬೇಲಿ ಹಾರಿ, ಜನರ ನಡುವೆ ನುಗ್ಗಿ ಬಂದ ಹೋರಿಯ ಕಾಲು, ಕೊಂಬು ನೋಡುತ್ತಾರೆ. ಹಿಂಗಾಲುಗಳ ನಡುವೆ ನೋಡುವುದಿಲ್ಲ. ಟೆಂಪೋದಲ್ಲಿ ಜಾತ್ರೆಗೆ ಸಾಗಿಸುವಾಗ ಬಿದ್ದ ಹೋರಿಗಳ ಕಥೆಯೂ ಅಷ್ಟೇ.

ತಡವಾಗಲು ಇನ್ನೊಂದು ಕಾರಣ ಇದೆ, ಅದನ್ನು ನಾವು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾಚಿಕೆ. ಕೊಟ್ಟಿಗೆಯ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದ್ದು. ಬೆಳಿಗ್ಗೆ ಸಗಣಿ ಬಾಚುವಾಗ ಬಾವು ಮೊದಲು ಕಾಣುವುದು ಅವರಿಗೆ. ಗಂಡನಿಗೆ ಹೇಳಿಯಾರು, ಮಾವನಿಗೆ ಹೇಳಲು ಹಿಂಜರಿಯುತ್ತಾರೆ, ಗಂಡಸು ವೈದ್ಯರಿಗೆ ಫೋನಿನಲ್ಲಿ ಹೇಳುವುದಂತೂ ದೂರ. ಒಬ್ಬ ತಾಯಿ ನನಗೆ "ಹೋರಿಗೆ ಕೆಳಗೆ ಹುಷಾರಿಲ್ಲ" ಅಂತಷ್ಟೇ ಹೇಳಿ ಕಳಿಸಿದ್ದರು. ಕಾಲುನೋವು ಎಂದುಕೊಂಡು ಬಂದ ಸಿಬ್ಬಂದಿ ಗೊರಸು ನೋಡಿ ಹೋಗಿದ್ದರು. ಊರಲ್ಲೇ ಜಾನುವಾರು ಸಾಕುವವರಿಗೆ ನೆರವಾಗುವ ಹೆಣ್ಣುಮಕ್ಕಳಾದ ಪಶು ಸಖಿಯರಿಗೆ ಈ ವಿಷಯದಲ್ಲಿ ತರಬೇತಿ ಕೊಟ್ಟರೆ ಈ ಗೋಡೆ ಎಷ್ಟೋ ಕರಗುತ್ತದೆ. ಚಿತ್ರ ಇರುವ ಒಂದು ಹಾಳೆ ಕೊಡಿ. ಎಲ್ಲಿ ಬಾವು ಅಂತ ಬೆರಳಿಟ್ಟು ತೋರಿಸಿದರೆ ಸಾಕು, ಮಾತೇ ಬೇಡ.

ಈಗ ನನ್ನ ಬೇಡಿಕೆಗಳಿಗೆ ಬರುತ್ತೇನೆ. ವರ್ಷಕ್ಕೊಮ್ಮೆ, ಕಾಲುಬಾಯಿ ಜ್ವರದ ಲಸಿಕೆಗೆ ಊರಿಗೆ ಹೋದಾಗಲೇ, ಆ ಊರಿನ ಬೀಜದ ಹೋರಿ ಮತ್ತು ದೇವರ ಬಸವನ ಪರೀಕ್ಷೆ ಆಗಲಿ. ಶಿಶ್ನ, ಮುಂದೊಗಲು, ಎರಡೂ ಬೀಜ ಕೈಯಿಂದ ಮುಟ್ಟಿ ನೋಡುವುದು, ಟೇಪಿನಲ್ಲಿ ಬೀಜದ ಚೀಲದ ಸುತ್ತಳತೆ ತೆಗೆಯುವುದು, ಬ್ರುಸೆಲ್ಲಾಗೆ ರಕ್ತ ತೆಗೆಯುವುದು. ಇಷ್ಟು ಮೊದಲ ವರ್ಷಕ್ಕೆ ಸಾಕು. ವೀರ್ಯ ಪರೀಕ್ಷೆ ಆಮೇಲೆ ಬರಲಿ. ಫಲಿತಾಂಶವನ್ನು ಆ 12 ಅಂಕಿಯ ಓಲೆಯ ಸಂಖ್ಯೆಗೇ ಸೇರಿಸಿ. ದಯವಿಟ್ಟು ಇದನ್ನು ಲೈಸೆನ್ಸ್, ದಂಡ ಅಂತ ಮಾಡಬೇಡಿ. ಹಾಗೆ ಮಾಡಿದರೆ ಹೋರಿಗಳನ್ನು ತೋಟದ ಮನೆಗೆ ಸಾಗಿಸಿ ಬಚ್ಚಿಡುತ್ತಾರೆ. ನಮ್ಮ ಹೋರಿ ಪಾಸಾಗಿದೆ ಎಂದು ಮಾಲೀಕ ಹೆಮ್ಮೆಯಿಂದ ತೋರಿಸುವ ಒಂದು ಕಾರ್ಡು ಕೊಡಿ, ಹಸು ತರುವವರೇ ಅದನ್ನು ಕೇಳತೊಡಗುತ್ತಾರೆ.

ಹೋಬಳಿ ಮಟ್ಟದ ಆಸ್ಪತ್ರೆಗಳಲ್ಲಿ ಬಲವಾದ ಟ್ರೆವಿಸ್, ಅಂದರೆ ದನವನ್ನು ಅಲುಗದಂತೆ ನಿಲ್ಲಿಸುವ ಚೌಕಟ್ಟು, ಹಾಕಿಸಿ. ಹೊಟ್ಟೆಯ ಕೆಳಗೆ ಕೈ ಹಾಕಿ ಎಂದು ವೈದ್ಯರಿಗೆ ಹೇಳುವ ಮುಂಚೆ ಅವರ ಜೀವಕ್ಕೆ ಭದ್ರತೆ ಕೊಡಬೇಕು ಅಲ್ವಾ? ಕೊಂಬಿನ ತಿವಿತ, ಒದೆತ ತಿಂದ ನನ್ನ ಸಹೋದ್ಯೋಗಿಗಳು ಎಷ್ಟೋ ಜನ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿದಾಗ ಹೋರಿಯ ಗುಪ್ತಾಂಗದ ಪೆಟ್ಟು ಅಂದರೆ ಅದನ್ನು ತುರ್ತು ಎಂದೇ ದಾಖಲಿಸಲಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗದ ಪಶುವೈದ್ಯ ಕಾಲೇಜುಗಳಲ್ಲಿ ಇಂಥ ಶಸ್ತ್ರಚಿಕಿತ್ಸೆ ಮಾಡುವ ಕೈಗಳಿವೆ. ಊರಿಂದ ಅಲ್ಲಿಗೆ ಹೋರಿ ಸಾಗಿಸುವ ಖರ್ಚನ್ನು ದೇಸಿ ತಳಿ ಸಂರಕ್ಷಣೆಯ ಹಣದಲ್ಲಿ ಭರಿಸಿ. ಅಷ್ಟು ದುಡ್ಡಿಲ್ಲದೆ ಸುಮ್ನೆ ಕೊಟ್ಟಿಗೆಯಲ್ಲಿ ಹತ್ತು ದಿನ ಕಳೆದುಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ವಿಶ್ರಾಂತಿಯ ಎರಡು ಮೂರು ತಿಂಗಳು ಮಾಲೀಕನಿಗೆ ಆದಾಯ ಇರುವುದಿಲ್ಲ, ಮೇವಿನ ಖರ್ಚು ಮಾತ್ರ ಇರುತ್ತದೆ. ಅವನು ಅವಸರಪಟ್ಟು ಮತ್ತೆ ಹಸು ಬಿಡುವುದು ದುರಾಸೆಯಿಂದ ಅಲ್ಲ. ಆ ಅವಧಿಗೆ ಹಿಂಡಿ, ಮೇವಿನ ರೂಪದಲ್ಲಿ ಸ್ವಲ್ಪ ನೆರವು ಕೊಟ್ಟರೂ ಎಷ್ಟೋ ಹೋರಿಗಳು ಪೂರ್ತಿ ಗುಣವಾಗುತ್ತವೆ. ಜಾನುವಾರು ವಿಮೆ ಮಾಡಿಸುವಾಗ ಸಾವಿನ ಜೊತೆಗೆ ಖಾಯಂ ಅಂಗವೈಕಲ್ಯದ ಭಾಗವನ್ನೂ ಸೇರಿಸಿಕೊಳ್ಳುವಂತೆ ಬೀಜದ ಹೋರಿ ಸಾಕುವವರಿಗೆ ನಿಮ್ಮ ಸಿಬ್ಬಂದಿಯೇ ಬಿಡಿಸಿ ಹೇಳಲಿ.

ಇದಕ್ಕೆ ಹೊಸ ಯೋಜನೆ, ಹೊಸ ಬಜೆಟ್ ಬರುವ ತನಕ ಕಾಯಬೇಕಿಲ್ಲ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ಡಿಸೆಂಬರ್ ಹೊತ್ತಿಗೆ ಸೇರುತ್ತದೆ. ಶಿವರಾತ್ರಿಗೆ ಸಿದ್ಧಗಂಗೆಯ ಜಾತ್ರೆ. ರಾಜ್ಯದ ಒಳ್ಳೊಳ್ಳೆಯ ಹಳ್ಳಿಕಾರ್ ಹೋರಿಗಳು ತಾವಾಗಿಯೇ ಒಂದು ಕಡೆ ಬಂದು ಸೇರುವ ದಿನಗಳು ಅವು. ಬಹುಮಾನಕ್ಕೆ ಹೆಸರು ಕೊಡುವ ಬೀಜದ ಹೋರಿಗಳಿಗೆ ಈ ಪರೀಕ್ಷೆಯನ್ನು ಈ ಸಲದಿಂದಲೇ ಸೇರಿಸಿ. ಒಂದು ಟ್ರೆವಿಸ್, ಒಂದು ಮೇಜು, ಇಬ್ಬರು ವೈದ್ಯರು, ಗೋಡೆಗೆ ಅಂಟಿಸಲು ನಾಲ್ಕು ಚಿತ್ರ. ನಿವೃತ್ತರಾದ ನಮ್ಮಂಥವರನ್ನು ಕರೆದರೆ ಸಂಬಳ ಕೇಳದೆ ಬರುತ್ತೇವೆ. ಘಾಟಿಗೆ ನಾನು ಹೇಗೂ ಬರುತ್ತೇನೆ. ಕೈಗವಸು, ಟೇಪು ನನ್ನ ಹತ್ತಿರವೇ ಇವೆ. ಟ್ರೆವಿಸ್ ಎಲ್ಲಿ ಹಾಕಿಸುತ್ತೀರಿ ಎಂದು ಮೊದಲೇ ತಿಳಿಸಿದರೆ ಸಾಕು.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪಶುವೈದ್ಯ